ಹಳ್ಳದ ಏರಿನಲ್ಲಿ ನಿಂತ ಬಸ್ಸು

೧೧ ಜನವರಿ ೧೯೪೯, ಮಂಗಳವಾರ. ಸಂಜೆ.

ಬೆಳಿಗ್ಗೆಯಿಂದ ಹತ್ತಿ ಅಡತಿಯವರ ಲಾರಿ. ಕಾರ್ಬೊರೇಟರಿನಲ್ಲಿ ಬರೇ ಕಸ. ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸಿ ಓಡಿಸುತ್ತಾರೆ, ಮೇಲೆ ‘ಇಂಜಿನ್ ಕೆಮ್ಮತದರಿ’ ಅಂತ ದೂರು. ಕೆಮ್ಮದೆ ಹಾಡುತ್ತದೆಯೇ? ಇಂಜಿನ್ ಚಾಲೂ ಮಾಡುವ ಹ್ಯಾಂಡಲ್ ತಿರುಗಿ ಹೊಡೆದು ಮಣಿಕಟ್ಟು ಊದಿದೆ. ಅಕ್ಷರ ಸೊಟ್ಟಗೆ ಬರುತ್ತಿವೆ.

ಮಧ್ಯಾಹ್ನ ರೊಟ್ಟಿ ಗಂಟು ಬಿಚ್ಚುವಷ್ಟರಲ್ಲಿ ಕೋಟೆ ಕಡೆಯಿಂದ ಒಂದು ಬಸ್ಸು ಏದುಸಿರು ಬಿಡುತ್ತ ಬಂತು. ಹಸಿರು ಬಣ್ಣ. ನೋಡಿದ ಕೂಡಲೇ ಗೊತ್ತಾಯಿತು. ನಾಲ್ಕು ತಿಂಗಳು ಪೊಲೀಸರ ಅಂಗಳದಲ್ಲಿ ಜಪ್ತಿಯಾಗಿ ನಿಂತಿತ್ತು. ಬಿಟ್ಟಿದ್ದಾರಂತೆ. ಮಾಲೀಕ ಜಗದೇವಪ್ಪ ಇಳಿದು ಬಂದ.

“ಕಮಲಾಪುರ ಲೈನಿಗೆ ಮತ್ತ ಹಾಕಬೇಕು ಕಲ್ಯಾಣಪ್ಪ. ಚಾಲೂ ಆಗತದ, ಖರೆ ಎಳೆಯಂಗಿಲ್ಲ. ಒಂದೀಟು ನೋಡು.”

“ಬ್ಯಾರೆ ಕಡಿಗಿ ಒಯ್ರಿ.”

“ಎಲ್ಲಿಗಿ ಒಯ್ಯಲೋ? ಊರಾಗ ಇಂಜಿನ್ನಿನ ನಾಡಿ ಹಿಡಿಯಾಂವ ನೀ ಒಬ್ಬನ ಇದ್ದಿ. ನಿನ್ನ ಸಂಕಟ ನನಗ ತಿಳೀತದ. ಅದ್ರಾಗ ಕಬ್ಬಿಣದ್ದೇನು ತಪ್ಪದ?”

ಈ ಬಸ್ಸಿನಲ್ಲೇ ನನ್ನ ತಂಗಿ ಹೋದದ್ದು. ಬಂಡೆಮ್ಮ. ನಾಗರ ಪಂಚಮಿಗೆ ತವರಿಗೆ ಬಂದಿದ್ದಳು, ಆರು ತಿಂಗಳ ಬಸುರಿ. ಹಬ್ಬ ಮುಗಿಸಿ ಕಮಲಾಪುರಕ್ಕೆ, ಗಂಡನ ಮನೆಗೆ ಹೊರಟಿದ್ದಳು. ಹಳ್ಳ ದಾಟಿದ ಮೇಲಿನ ಏರಿನಲ್ಲಿ ಡ್ರೈವರ್ ಮಕ್ಸೂದ್ ಬಸ್ಸು ನಿಲ್ಲಿಸಿದ. ಅರ್ಧ ತಾಸಿಗೆ ರಜಾಕಾರರು ಬಂದರು. ಲೂಟಿ. ಜನ ಹೊಲ ಬಿದ್ದು ಓಡಿದರು. ಇವಳನ್ನು ಯಾರೂ ಮುಟ್ಟಲಿಲ್ಲ. ಓಡಿದಳು, ಬದುವಿನ ಮೇಲೆ ಬಿದ್ದಳು. ಎರಡನೇ ದಿನ ರಕ್ತ ಹೋಗಿ ಸತ್ತಳು. ಮಕ್ಸೂದ್ ಮೊದಲೇ ಅವರ ಜೊತೆ ಮಾತಾಡಿಕೊಂಡು ನಿಲ್ಲಿಸಿದ ಅಂತ ಊರಿಗೆಲ್ಲ ಗೊತ್ತು. ಸೆಪ್ಟೆಂಬರಿನಲ್ಲಿ ಹಿಂದುಸ್ತಾನದ ಫೌಜು ಬಂದ ಮೇಲೆ ಕೇಸಾಯಿತು. ಜೇಲಿನಲ್ಲಿದ್ದಾನೆ. ಅಲ್ಲೇ ಕೊಳೆಯಲಿ.

ಜಗದೇವಪ್ಪ ಬಸ್ಸು ಬಿಟ್ಟು ಹೋದ. ಒಲ್ಲೆ ಅನ್ನಬೇಕಿತ್ತು. ಅನ್ನಲಿಲ್ಲ.

೧೨ ಜನವರಿ, ಬುಧವಾರ.

ಮೂರನೇ ಹ್ಯಾಂಡಲ್ಲಿಗೆ ಚಾಲೂ. ನಿಂತಲ್ಲೇ ಹೇಗೋ ತಿರುಗುತ್ತದೆ. ಗೇರು ಹಾಕಿ ಎಳೆಸಿದರೆ ಪ್ರಾಣ ಇಲ್ಲ.

ಮಕ್ಸೂದನ ಕೊರಳಿಗೆ ಬಿದ್ದ ಉರುಳೂ ಇದೇ. ‘ಇಂಜಿನ್ ತಾನಾಗಿ ಸತ್ತಿತು’ ಅಂದ. ಮರುದಿನ ಜಗದೇವಪ್ಪನ ಆಳುಗಳು ಹೋಗಿ ಹ್ಯಾಂಡಲ್ ಹೊಡೆದರೆ ಚಾಲೂ ಆಯಿತು. ಸತ್ತದ್ದು ಹೇಗೆ ಎದ್ದಿತು?

ತಣ್ಣಗಿದ್ದಾಗ ಮುಂದಿನಿಂದ ‘ಟರಕ್ ಟರಕ್’ ಅಂತ ಒಂದು ಸಪ್ಪಳ. ಆಯಿಲ್ ಕಾದ ಮೇಲೆ ಇಲ್ಲ. ಕಟ್ಟಿಗೆಯ ತುದಿ ಇಂಜಿನ್ನಿಗೆ, ಇನ್ನೊಂದು ತುದಿ ಕಿವಿಗೆ ಹಚ್ಚಿ ಕೇಳಿದೆ. ಹಳೇ ಇಂಜಿನ್, ಹಲ್ಲು ಕಡಿಯುತ್ತದೆ. ಬಿಟ್ಟೆ. ಮೊದಲು ಪ್ಲಗ್ಗು ನೋಡಬೇಕು.

೧೩ ಜನವರಿ, ಗುರುವಾರ.

ಇಕ್ಬಾಲ್ ಬೇಗಂ ಬಂದಿದ್ದಳು. ಮಕ್ಸೂದನ ತಾಯಿ. ಶೆಡ್ಡಿನ ಬಾಗಿಲ ಹೊರಗೆ ನಿಂತಳು. ಹಿಂದೆಲ್ಲ ನೇರ ಒಳಗೆ ಬಂದು ಮಗನ ಡಬ್ಬಿಯ ಜೊತೆ ನನಗೂ ಒಂದು ಪಾಲು ಇಟ್ಟು ಹೋಗುತ್ತಿದ್ದಳು.

“ಬೇಟಾ, ಗಾಡಿ ನಿನ್ನ ಕಡಿ ಬಂದದಂತ. ಮಗನ ಸಲುವಾಗಿ ಮಾಫಿ ಕೇಳಾಕ ಬಂದಿಲ್ಲ ನಾನು. ಅದರ ಹೊಟ್ಟಿ ಬಿಚ್ಚಿ ನೋಡು. ಇಷ್ಟ. ಇಪ್ಪತ್ತೇಳಕ್ಕ ಕೋರ್ಟಿನ್ಯಾಗ ಅವನ ಪೇಶಿ ಅದ.”

“ಬಿಚ್ಚಿ ಏನು ನೋಡ್ಲಿ? ಚಾಲೂ ಆಗತದ ಅದು.”

“ಅವಾ ಸುಳ್ಳ ಹೇಳಂಗಿಲ್ಲ. ಸಣ್ಣಾಂವ ಇದ್ದಾಗ ಕದ್ದು ತಿಂದ್ರೂ ತಾನ ಬಂದು ಹೇಳ್ತಿದ್ದ.”

“ನಮ್ಮ ತಂಗೀನೂ ಸುಳ್ಳ ಹೇಳ್ತಿದ್ದಿಲ್ಲ. ಎಲ್ಲಿ ಅದಾಳ ಈಗ? ನಡೀರಿ.”

ಹೋದಳು. ಮುದುಕಿಯ ಮೇಲೆ ಬಾಯಿ ಮಾಡಿದ್ದು ಸರಿಯಾಗಲಿಲ್ಲ. ಆದರೆ ಅಕ್ಟೋಬರಿನಲ್ಲಿ ಹೇಳಿಕೆ ಕೊಟ್ಟವನು ನಾನೇ. ಅದು ಅವಳಿಗೂ ಗೊತ್ತು. ‘ಪಂಚಮಿ ದಿನ ಆ ಇಂಜಿನ್ ನಾನೇ ನೋಡಿದ್ದೆ. ತಾನಾಗಿ ನಿಲ್ಲುವ ಇಂಜಿನ್ ಅಲ್ಲ.’ ಕೊರಳ ಲಿಂಗ ಮುಟ್ಟಿ ಹೇಳಿದ್ದೆ. ಗುಮಾಸ್ತ ಉರ್ದುವಿನಲ್ಲಿ ಬರೆದುಕೊಂಡ, ಓದಿ ಸಹಿ ಹಾಕಿದೆ. ಕೇಸು ನಿಂತಿರುವುದೇ ಆ ಕಾಗದದ ಮೇಲೆ.

೧೪ ಜನವರಿ. ಸಂಕ್ರಾಂತಿ.

ವರ್ಷ ತುಂಬಿಲ್ಲ, ಹಬ್ಬ ಇಲ್ಲ. ಪಕ್ಕದ ಮನೆಯಿಂದ ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ ಬಂತು. ಅವ್ವ ಮುಟ್ಟಲಿಲ್ಲ. ನಾನು ತಿಂದೆ. ಹೊಟ್ಟೆಗೆ ಎಲ್ಲಿಯ ನಾಚಿಕೆ.

ಕಮಲಾಪುರದಿಂದ ದತ್ತಪ್ಪ ಬಂದಿದ್ದ. ಬಂಡೆಮ್ಮನ ಗಂಡ. ಚೀಲದಲ್ಲಿ ಕೆಂಪು ಬಾಳೆಹಣ್ಣು. ಇಳಿದುಹೋಗಿದ್ದಾನೆ, ಅಂಗಿ ಹೆಗಲಿನಿಂದ ಜಾರುತ್ತದೆ. ಮಾತೆಲ್ಲ ಇಪ್ಪತ್ತೇಳರ ಪೇಶಿಯದೇ.

“ಅವಗ ಶಿಕ್ಷಾ ಆಗೂಮಟ ನನಗ ನಿದ್ದಿಲ್ಲ ಕಲ್ಯಾಣ. ಅವತ್ತ ಆತಂದ್ರ ಒಂದಿನ ನೆಟ್ಟಗ ಮಲಗ್ತೀನಿ.”

“ಆಗತದ ತಗೋ,” ಅಂದೆ.

೧೭ ಜನವರಿ, ಸೋಮವಾರ.

ಪ್ಲಗ್ಗು ಬಿಚ್ಚಿದೆ. ನಾಲ್ಕರಲ್ಲಿ ಮೂರನೆಯದು ಹಸಿ, ಕರಿ. ತೂತಿಗೆ ಹೆಬ್ಬೆರಳು ಒತ್ತಿ ಹ್ಯಾಂಡಲ್ ತಿರುಗಿಸಿದರೆ ಗಾಳಿ ಬೆರಳನ್ನು ಎತ್ತಿ ಒಗೆಯಬೇಕು. ಮೂರರಲ್ಲಿ ಸುಮ್ಮನೆ ‘ಫುಸ್’.

ಇದಕ್ಕೆ ನನ್ನದೊಂದು ಉಪಾಯ ಇದೆ. ಯಂತ್ರ ಗಿಂತ್ರ ಬೇಕಿಲ್ಲ. ಬೀಡಿ ಹೊಗೆ ಬಾಯಿ ತುಂಬ ಎಳೆದು ರಬ್ಬರ್ ನಳಿಕೆಯಿಂದ ಪ್ಲಗ್ಗಿನ ತೂತಿಗೆ ಊದುವುದು. ಆ ಹೊತ್ತಿಗೆ ಎರಡೂ ವಾಲ್ವ್ ಮುಚ್ಚಿರುವಂತೆ ಇಂಜಿನ್ ನಿಲ್ಲಿಸಿರಬೇಕು. ಒಳಗೆ ಎಲ್ಲ ಸರಿ ಇದ್ದರೆ ಹೊಗೆ ಒಳಗೇ ನಿಲ್ಲುತ್ತದೆ. ಒಂದು, ಎರಡು, ನಾಲ್ಕು ಸರಿ. ಮೂರಕ್ಕೆ ಊದಿ ಹಿಂದೆ ಹೋಗಿ ನೋಡಿದೆ. ಸೈಲೆನ್ಸರಿನ ಬಾಯಿಂದ ಬೀಡಿ ಹೊಗೆ ಮೆಲ್ಲಗೆ ಬರುತ್ತಿತ್ತು.

ವಾಲ್ವ್ ಬಾಗಿದೆ.

ನಿಂತ ಬಸ್ಸಿನಲ್ಲಿ ವಾಲ್ವ್ ಬಾಗುವುದಿಲ್ಲ. ಓಡುವಾಗ ಪಿಸ್ಟನ್ ಬಂದು ಬಡಿದರೆ ಬಾಗುತ್ತದೆ. ಪಿಸ್ಟನ್ ಬಡಿಯಬೇಕಾದರೆ ವಾಲ್ವ್ ಹೊತ್ತು ತಪ್ಪಿ ತೆರೆದಿರಬೇಕು. ಹೊತ್ತು ತಪ್ಪಬೇಕಾದರೆ…

ನಾಳೆ ನೋಡೋಣ.

೧೮ ಜನವರಿ, ಮಂಗಳವಾರ.

ಆಯಿಲ್ ಇಳಿಸಿದೆ. ಹಳೇ ಬಿಳಿ ಧೋತರದ ತುಂಡಿನ ಮೇಲೆ ಸುರಿದು ಬಿಸಿಲಿಗೆ ಹಿಡಿದೆ. ಕಬ್ಬಿಣದ ಪುಡಿ ಮಿನುಗಿತು. ಒಳಗೆ ಏನೋ ಬಹಳ ದಿನದಿಂದ ತಿಕ್ಕಾಡಿದೆ.

ಆಮೇಲೆ ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಹ್ಯಾಂಡಲ್ ಮುಂದೆ ತಿರುಗಿಸಿದೆ, ಹಿಂದೆ ತಿರುಗಿಸಿದೆ. ಕೆಳಗಿನ ಶಾಫ್ಟ್ ತಿರುಗಿದ ಕೂಡಲೇ ಮೇಲಿನ ಮುಳ್ಳು ತಿರುಗಬೇಕು. ಎರಡಕ್ಕೂ ನಡುವೆ ಇರುವುದು ಟೈಮಿಂಗ್ ಚೈನು. ಯಾವ ವಾಲ್ವ್ ಯಾವಾಗ ತೆರೆಯಬೇಕು, ಮುಚ್ಚಬೇಕು ಅಂತ ಹೇಳುವುದು ಅದೇ. ಹ್ಯಾಂಡಲ್ ಒಂದು ಗೇಣು ಹಿಂದೆ ಬಂತು. ಮುಳ್ಳು ಅಲುಗಲಿಲ್ಲ.

ಮತ್ತೆ ಮಾಡಿದೆ. ಮತ್ತೆ. ಹತ್ತು ಸಲ ಮಾಡಿರಬೇಕು.

ಚೈನು ಸವೆದು ಜೋತುಬಿದ್ದಿದೆ. ಇಷ್ಟು ಸಡಿಲ ಚೈನು ಏರಿನಲ್ಲಿ, ಭಾರ ಬಿದ್ದಾಗ, ಹಲ್ಲು ಹಾರುತ್ತದೆ. ಹಾರಿದರೆ ಇಂಜಿನ್ ಅಲ್ಲಿಗೇ ನಿಲ್ಲುತ್ತದೆ. ಕಾದಿರುವ ತನಕ ಎಷ್ಟು ಹ್ಯಾಂಡಲ್ ಹೊಡೆದರೂ ಏಳುವುದಿಲ್ಲ. ರಾತ್ರಿಯೆಲ್ಲ ಆರಿ ತಣ್ಣಗಾದ ಮೇಲೆ ಕುಂಟುತ್ತ ಎದ್ದೀತು.

ಹಾಗಾದರೆ ಸತ್ತದ್ದು ಹೀಗೆ ಎದ್ದಿತು.

೧೯ ಜನವರಿ.

ಆ ಬಸ್ಸು ಮುಟ್ಟಲಿಲ್ಲ. ಅಡತಿಯವರ ಲಾರಿಗೆ ಬ್ರೇಕು ಹಚ್ಚಿದೆ.

೨೦ ಜನವರಿ.

ಇವತ್ತೂ ಇಲ್ಲ. ಜಗದೇವಪ್ಪ ಬಂದು ಗೊಣಗಿದ. “ಬಸುರಿ ಹೆಂಗಸಿನಂಗ ನಿಂದ್ರಿಸಿ ನೋಡಾಕತ್ತೀಯಲ್ಲೋ,” ಅಂದ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ.

೨೧ ಜನವರಿ, ಶುಕ್ರವಾರ.

ಮುಂದಿನ ಕವರು ಬಿಚ್ಚಿದೆ.

ಕವರಿನ ಒಳಮೈ ಮೇಲೆ ಬೆರಳು ಅಗಲದ ಗೆರೆ. ಚೈನು ಬಡಿದು ಬಡಿದು ಕೊರೆದದ್ದು, ಬೆಳ್ಳಿ ಹಾಗೆ ಹೊಳೆಯುತ್ತದೆ. ಚಕ್ರದ ಹಲ್ಲು ಚೂಪಾಗಿವೆ. ಎರಡು ಹಲ್ಲು ಹಾರಿ ಕೂತಿದೆ ಚೈನು. ಮೂರನೇ ವಾಲ್ವ್ ಬಾಗಿದ್ದು ಅದಕ್ಕೇ. ಮಕ್ಸೂದ್ ಹೇಳಿದ್ದು ಅಕ್ಷರಕ್ಕೆ ಅಕ್ಷರ ಖರೆ.

ಇಷ್ಟೇ ಆಗಿದ್ದರೆ ‘ಹಳೇ ಇಂಜಿನ್, ಕೈಕೊಟ್ಟಿತು’ ಅಂತ ಬರೆದು ಮಲಗುತ್ತಿದ್ದೆ. ಡಿಸ್ಟ್ರಿಬ್ಯೂಟರಿನ ಬುಡದಲ್ಲಿ ಮಡಚಿ ಸಿಕ್ಕಿಸಿದ ಸಿಗರೇಟು ಡಬ್ಬಿಯ ತಗಡು ಇದೆ. ಅದನ್ನು ಸಿಕ್ಕಿಸಿದ ಕೈ ಇದೇ. ಈಗ ಬರೆಯುತ್ತಿರುವ ಕೈ.

ಬರೆದುಬಿಡುತ್ತೇನೆ. ಯಾರಿಗೂ ಹೇಳಲಾರದ್ದು ಇಲ್ಲಾದರೂ ಇರಲಿ.

ಪಂಚಮಿ ದಿನ ಜಗದೇವಪ್ಪ ಬಸ್ಸು ತಂದ. ಎಳೆಯುವುದಿಲ್ಲ, ಹಬ್ಬದ ಜನ ಕಾಯುತ್ತಿದ್ದಾರೆ ಅಂದ. ಅವತ್ತೇ ಕೇಳಿದ್ದೆ ಆ ‘ಟರಕ್’. ಚೈನು ಅಂತ ಅವತ್ತೇ ಗೊತ್ತಿತ್ತು. ಸೋಲಾಪುರದಿಂದ ಸಾಮಾನು ಬರುವುದು ಬಂದ್ ಆಗಿತ್ತು, ಸರಹದ್ದಿನಲ್ಲಿ ತಡೆ. ಮುರುಕು ಬಸ್ಸಿನದೊಂದು ಚೈನು ಶೆಡ್ಡಿನಲ್ಲಿತ್ತು, ಸವೆದಿರಲಿಲ್ಲ, ಆದರೆ ಉದ್ದ. ಎರಡು ಕೊಂಡಿ ಕೊಯ್ದು ಕೂಡಿಸಬೇಕಿತ್ತು. ಅರ ಹಿಡಿದು ಕೂತೆ. ಪಂಚಮಿ. ಹೊಲದಲ್ಲಿ ನೇಗಿಲು ಹೂಡುವುದಿಲ್ಲ, ಮನೆಯಲ್ಲಿ ಕಾಯಿಪಲ್ಯ ಹೆಚ್ಚುವುದಿಲ್ಲ, ಒಲೆಗೆ ಹಂಚು ಇಡುವುದಿಲ್ಲ. ಚೈನು ಎಣ್ಣೆ ಮೈಯಲ್ಲಿ ತೊಡೆ ಮೇಲೆ ಸುತ್ತಿಕೊಂಡು ಬಿದ್ದಿತ್ತು. ಹಾವು ಬಿಟ್ಟು ಇನ್ನೇನೂ ಕಾಣಲಿಲ್ಲ ನನಗೆ. ಮನೆಯಲ್ಲಿ ತಂಗಿ ಬಸುರಿ, ಅದೇ ಹೊತ್ತಿಗೆ ಅಣ್ಣನ ಹೆಸರಲ್ಲಿ ಹುತ್ತಕ್ಕೆ ಹಾಲೆರೆಯಲು ಹೋಗಿದ್ದಳು. ಇಂಥದ್ದೆಲ್ಲ ನಂಬುವುದಿಲ್ಲ ಅಂತ ಹೇಳಿಕೊಂಡು ತಿರುಗುವವನು ನಾನು. ಅವಳ ಹೊಟ್ಟೆಗೆ ಏನಾದರೂ ಆದೀತು ಅಂತ ಅರ ಕೆಳಗಿಟ್ಟೆ.

ಬದಲಿಗೆ ಜಾಣತನ ಮಾಡಿದೆ. ಡಿಸ್ಟ್ರಿಬ್ಯೂಟರ್ ತುಸು ಮುಂದೆ ತಿರುವಿ, ಜಾರದಿರಲಿ ಅಂತ ತಗಡು ಸಿಕ್ಕಿಸಿದೆ. ಕಿಡಿ ಬೇಗ ಹಾರಿದರೆ ಚೈನಿನ ಸಡಿಲು ಮುಚ್ಚಿಹೋಗುತ್ತದೆ. ರೋಗ ಒಳಗೇ ಇರುತ್ತದೆ, ಮುಖ ಮಾತ್ರ ತೊಳೆದಂತೆ. ಬಸ್ಸು ಕುದುರೆ ಹಾಗೆ ಎಳೆಯಿತು. ಹಬ್ಬ ಮುಗಿಯಲಿ, ಬಿಚ್ಚೋಣ ಅಂದುಕೊಂಡೆ. ಮರುದಿನ ಅದು ಲೈನಿಗೆ ಹೋಯಿತು. ಚೆನ್ನಾಗಿ ಓಡುತ್ತಿದೆ ಅಂದರು. ಮರೆತೆ. ಮರೆತೆ ಅನ್ನುವುದೂ ಸುಳ್ಳು. ಹೊಗಳಿದರು, ಹಿಗ್ಗಿದೆ.

ಆರನೇ ದಿನ ಬಂಡೆಮ್ಮನನ್ನು ನಾನೇ ಅದರಲ್ಲಿ ಹತ್ತಿಸಿದೆ. ಡ್ರೈವರ್ ಬಾಜು ಮುಂದಿನ ಸೀಟು ಹಿಡಿದುಕೊಟ್ಟೆ. ಕುಲುಕಾಟ ಕಡಿಮೆ ಅಂತ.

೨೨ ಜನವರಿ.

ಜಗದೇವಪ್ಪ ಹೊಸ ಚೈನು ತಂದಿದ್ದಾನೆ. ಈಗ ಸೋಲಾಪುರದ ದಾರಿ ತೆರೆದಿದೆ. “ಹಳೇದು ಮೋರ್‍ಯಾಗ ಒಗಿ, ಸೋಮವಾರಕ್ಕ ಗಾಡಿ ಕೊಡು,” ಅಂದ. ಅವನಿಗೆ ಏನೂ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಒಗೆದರೆ ಮುಗಿಯಿತು.

ಹಳೇ ಚೈನು, ಕವರು, ಬಾಗಿದ ವಾಲ್ವ್ ಗೋಣಿಚೀಲದಲ್ಲಿ ಕಟ್ಟಿ ಮನೆಗೆ ತಂದೆ. ಅವ್ವ ಏನದು ಅಂದಳು. ಗುಜರಿ ಅಂದೆ.

೨೫ ಜನವರಿ, ಮಂಗಳವಾರ. ಕಮಲಾಪುರದಿಂದ ಬಂದ ಮೇಲೆ.

ಮೊದಲು ದತ್ತಪ್ಪನಿಗೆ ಹೇಳಬೇಕು ಅನ್ನಿಸಿತು. ಹೋದೆ. ಬಾಳೆತೋಟದಲ್ಲಿ ನೀರು ತಿರುವುತ್ತಿದ್ದ. ಅಲ್ಲೇ ಬದುವಿನ ಮೇಲೆ ಕೂತು ಎಲ್ಲ ಹೇಳಿದೆ. ತಗಡಿನದೂ ಹೇಳಿದೆ.

ಒಂದು ಮಡಿಗೆ ನೀರು ಕಟ್ಟಿ ಸಲಿಕೆ ಕೆಳಗಿಟ್ಟ. ಆಮೇಲೆ, “ಇಲ್ಲೇ ಹೂಳು ಈ ಮಾತು,” ಅಂದ.

“ಅವಾ ನಿರಪರಾಧಿ ಅದಾನ ದತ್ತಪ್ಪ.”

“ಇರಲಿ. ಐದು ತಿಂಗಳಾತು, ದಿನಾ ಮುಂಜಾನೆ ಎದ್ದು ಅವನ್ನ ಬೈದು ಮುಖ ತೊಳಕೋತೀನಿ. ಅವನ ಬಿಟ್ರ ನಾ ಯಾರ್‍ನ ಬೈಲಿ? ನಿನ್ನ?”

“ಹೂಂ. ನನ್ನ ಬೈ.”

“ನೀ ಅಕಿ ಅಣ್ಣ.” ಸಲಿಕೆ ಎತ್ತಿಕೊಂಡು ಆಚೆ ಮಡಿಗೆ ಹೋದ. ಹೋಗಿ ನಿಂತು, ಬೆನ್ನು ಹಾಕಿಯೇ, “ನಮ್ಮ ಮನೀಗಿ ಇನ್ನ ಬರಬ್ಯಾಡ,” ಅಂದ.

ವಾಪಸ್ ಬರುವಾಗ ಹಳ್ಳದ ಏರಿನಲ್ಲಿ ಇಳಿದುಕೊಂಡೆ. ಕಂಡಕ್ಟರ್ ಯಾಕ್ರಿ ಅಂದ. ಸುಮ್ಮನೆ ಅಂದೆ. ದೊಡ್ಡ ಏರೂ ಅಲ್ಲ ಅದು. ನೆಟ್ಟಗಿದ್ದ ಇಂಜಿನ್ ಎರಡನೇ ಗೇರಿನಲ್ಲಿ ನಗುನಗುತ್ತ ಹತ್ತುತ್ತದೆ. ಜೋಳದ ಹೊಲ ತೆನೆ ಹಿಡಿದು ನಿಂತಿದೆ. ಯಾವ ಬದು ಅಂತ ನನಗೆ ಗೊತ್ತಿಲ್ಲ. ಎಲ್ಲ ಬದುವಿನ ಮೇಲೂ ನಡೆದಾಡಿ ಬಂದೆ. ಅತ್ತೆ. ಯಾರೂ ಇರಲಿಲ್ಲ, ಜೋರಾಗಿ ಅತ್ತೆ.

೨೭ ಜನವರಿ, ಗುರುವಾರ.

ಕೋರ್ಟು ಕಚೇರಿಯ ಮೇಜಿನ ಮೇಲೆ ಗೋಣಿಚೀಲ ಬಿಚ್ಚಿದೆ. ಎಣ್ಣೆ ಕಾಗದಕ್ಕೆ ಹತ್ತಿತು ಅಂತ ಗುಮಾಸ್ತ ಗದರಿದ. ತೀರ್ಪು ಕೊಡುವ ಹಾಕಿಮರು ಹೊಸಬರು, ಮುಂಬೈ ಕಡೆಯವರು. ಕನ್ನಡ ಬರುತ್ತದೆ.

“ಅಕ್ಟೋಬರಿನಲ್ಲಿ ಲಿಂಗ ಮುಟ್ಟಿ ಒಂದು ಹೇಳಿದ್ದೀಯ. ಈಗ ಇನ್ನೊಂದು. ಯಾವುದು ನಿಜ?”

“ಇದುರಿ.”

“ಮತ್ತೆ ಅದನ್ನು ಯಾಕೆ ಹೇಳಿದೆ?”

“ನನ್ನ ಕೆಲಸದ ಮ್ಯಾಲ ಸೊಕ್ಕಿತ್ತರಿ. ಬಿಚ್ಚಿ ನೋಡಿದ್ದಿಲ್ಲ.”

ಚೈನು ಹೇಗೆ ಹಲ್ಲು ಹಾರುತ್ತದೆ, ಯಾಕೆ ಮರುದಿನ ಚಾಲೂ ಆಯಿತು, ತಗಡು ಯಾರದು, ಎಲ್ಲ ಕೇಳಿದರು. ಎಲ್ಲ ಹೇಳಿದೆ. ಸುಳ್ಳು ಹೇಳಿಕೆಗೆ ನಿನ್ನ ಮೇಲೂ ಕೇಸು ಆಗಬಹುದು ಅಂದರು. ಆಗಲಿರಿ ಅಂದೆ. ಮಕ್ಸೂದ್ ಕಟಕಟೆಯಲ್ಲಿದ್ದ. ನಾನು ಆ ಕಡೆ ನೋಡಲಿಲ್ಲ. ದತ್ತಪ್ಪ ಸಾಕ್ಷಿಗೆ ಬಂದೇ ಇರಲಿಲ್ಲ.

ಹೊರಗೆ ಬೇವಿನ ಗಿಡದ ಕೆಳಗೆ ಇಕ್ಬಾಲ್ ಬೇಗಂ ಕೂತಿದ್ದಳು. ನನ್ನ ಕೈ ಹಿಡಿದುಕೊಂಡು ಕಣ್ಣಿಗೆ ಒತ್ತಿಕೊಂಡಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮನೆಗೆ ಬಂದು ಅವ್ವನಿಗೂ ಹೇಳಿದೆ. ಇಂಜಿನ್ ಕೆಟ್ಟಿತ್ತು, ಕೆಟ್ಟದ್ದು ನನ್ನಿಂದ, ಮಕ್ಸೂದನ ತಪ್ಪಿಲ್ಲ ಅಂತ. ಜೋಳ ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟಳು. ಮತ್ತೆ ಎತ್ತಿಕೊಂಡಳು. ಬೈಯಲಿಲ್ಲ. ಅವಳೂ ಬೈಯಲಿಲ್ಲ.

೨ ಫೆಬ್ರವರಿ, ಬುಧವಾರ. ಮಧ್ಯಾಹ್ನ.

ಇವತ್ತು ಮಕ್ಸೂದನನ್ನು ಬಿಟ್ಟರು. ಹೋಗಬಾರದು ಅಂದುಕೊಂಡೇ ಜೇಲಿನ ಬಾಗಿಲಿಗೆ ಹೋದೆ. ಗಡ್ಡ ಬೆಳೆದಿದೆ, ಎಡಗೈ ನೆಟ್ಟಗೆ ಎತ್ತಲಾರ. ಯಾಕೆ ಅಂತ ಕೇಳಲಿಲ್ಲ. ತಾಯಿಯನ್ನು ಟಾಂಗಾದಲ್ಲಿ ಕೂರಿಸಿ ನನ್ನ ಹತ್ತಿರ ಬಂದ.

ಕಾಲಿಗೆ ಬೀಳಲು ಬಗ್ಗಿದೆ. ಬಿಡಲಿಲ್ಲ.

“ಕಲ್ಯಾಣ್ ಭಾಯ್, ನೀವು ಬಿಚ್ಚಿ ನೋಡಿದ್ರಿ, ಖರೆ ಹೇಳಿದ್ರಿ. ಅದು ಆತು. ಒಂದು ಮಾತು ನನ್ನ ಹಂತೇಲಿ ಉಳದದ. ಕಚೇರ್‍ಯಾಗ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.”

“ಹೇಳು.”

“ಬ್ಯಾಡ ಅಂದ್ರ ಹೇಳಂಗಿಲ್ಲ.”

“ಹೇಳಪಾ.”

“ಗಾಡಿ ನಿಂತ ಕೂಡ್ಲೆ ಎಲ್ಲಾರ್‍ಗೂ ಹೇಳ್ದೆ, ಇಳೀರಿ, ಹೊತ್ತ ಮುಳುಗಾಕತ್ತದ, ಹಳ್ಳ ದಾಟಿ ಹಿಂದಿನ ಊರಿಗಿ ನಡೀರಿ ಅಂತ. ಎಲ್ಲಾರೂ ಗಂಟು ಎತ್ಕೊಂಡು ಎದ್ದಿದ್ರು. ನಿಮ್ಮ ತಂಗಿ ಎದ್ದಿದ್ದಿಲ್ಲ. ಅಕಿ ಹಿಂದ ತಿರುಗಿ ಅಂದ್ಳು, ‘ಕೂಡ್ರಿ, ಯಾರೂ ಇಳೀಬ್ಯಾಡ್ರಿ. ಹೋದ ವಾರ ನಮ್ಮಣ್ಣ ಕೈ ಹಚ್ಯಾನ ಇದಕ್ಕ. ಚಾಲೂ ಆಗತದ.’ ನಗುನಗತ ಅಂದ್ಳು. ಎಲ್ಲಾರೂ ಮತ್ತ ಕೂತ್ರು. ನಾನೂ ನಂಬಿದೆ. ನಿಮ್ಮ ಕೈ ನನಗೂ ಗೊತ್ತದಲ್ಲ. ಅರ್ಧಾ ತಾಸು ಹ್ಯಾಂಡಲ್ ಹೊಡದೆ.”

ಟಾಂಗಾದವನು ಅವಸರ ಮಾಡಿದ. ಮಕ್ಸೂದ್ ನನ್ನ ಹೆಗಲ ಮೇಲೆ ಬಲಗೈ ಇಟ್ಟ, ತೆಗೆದ, ಹೋದ.

ಶೆಡ್ಡಿಗೆ ಹೋಗಲಿಲ್ಲ. ಮನೆಗೂ ಇನ್ನೂ ಹೋಗಿಲ್ಲ. ಕೋಟೆ ಕಂದಕದ ದಂಡೆ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ.

ಅದೇ ದಿನ. ಸಂಜೆ.

ಮನೆಗೆ ಬಂದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಎಲ್ಲಿಗೆ ಹೋಗಿದ್ದೆ ಅಂತ ಕೇಳಲಿಲ್ಲ, ಅವಳಿಗೆ ಗೊತ್ತಿತ್ತು.

“ಅವಾ ಏನಂದ? ನನ್ನ ಮಗಳ ಬಾಜೂಕೇ ಕೂತಾಂವ ಅವಾ. ಅಕಿ ಏನಾರ ಅಂದಿದ್ಲಂತೇನು?”

ಇಲ್ಲ ಅನ್ನಬಹುದಿತ್ತು. “ಅಂದಿದ್ಲಂತ” ಅಂದುಬಿಟ್ಟೆ.

ಹಂಚು ಇಳಿಸಿ, ಹಿಟ್ಟಿನ ಕೈಯಲ್ಲೇ ಬಂದು ನನ್ನೆದುರಿಗೆ ಕೂತಳು. ಐದು ತಿಂಗಳಲ್ಲಿ ಅವಳ ಮುಖ ಹೀಗೆ ನನ್ನ ಕಡೆ ತಿರುಗಿರಲಿಲ್ಲ. “ಏನಂದ್ಳು?”

ನೀರು ಕುಡಿದು ಬರುತ್ತೇನೆ ಅಂತ ಒಳಗೆ ಎದ್ದು ಬಂದಿದ್ದೇನೆ. ಹೇಗೆ ಹೇಳುವುದು ಅಂತ ಇಲ್ಲಿ ಬರೆದು ನೋಡುತ್ತಿದ್ದೇನೆ. ಅವ್ವ ಕಾಯುತ್ತಿದ್ದಾಳೆ.

ಅವ್ವ, ಜನ ಎಲ್ಲ ಎದ್ದಿದ್ದರಂತೆ. ಇಳಿದಿದ್ದರೆ ಉಳಿಯುತ್ತಿದ್ದಳು. ನಿನ್ನ ಮಗಳು ಅವರನ್ನೆಲ್ಲ ಕೂರಿಸಿದಳಂತೆ, ಯಾಕೆಂದರೆ ನನ್ನ—